ಮೊದಲು ಹೊರಬಂದ ಕಡತಗಳು

ಎರಡು ದಿನ ಜಗ್ಗಾಡಿದ ಮೇಲೆ ಜರ್ಮನಿಯ ಆಡಳಿತ ಪಕ್ಷಗಳು 2020ರ ಜೂನ್ 3ರ ರಾತ್ರಿ ಬರ್ಲಿನ್‌ನಲ್ಲಿ ಒಂದು ಒಪ್ಪಂದಕ್ಕೆ ಬಂದವು. ಕೊರೊನಾ ಹೊಡೆತಕ್ಕೆ ಕುಸಿದಿದ್ದ ಆರ್ಥಿಕತೆಯನ್ನು ಎತ್ತಿ ನಿಲ್ಲಿಸಲು 13 ಸಾವಿರ ಕೋಟಿ ಯೂರೊ ಖರ್ಚು ಮಾಡುವುದಾಗಿ ಚಾನ್ಸಲರ್ ಅಂಗೆಲಾ ಮರ್ಕೆಲ್ ಅವರ ಸರ್ಕಾರ ಪ್ರಕಟಿಸಿತು. ಆ ಪಟ್ಟಿಯಲ್ಲಿ ಏನಿತ್ತು ಎಂಬುದಕ್ಕಿಂತ ಏನಿರಲಿಲ್ಲ ಎಂಬುದೇ ದೊಡ್ಡ ಸುದ್ದಿಯಾಯಿತು. ಪೆಟ್ರೋಲ್, ಡೀಸೆಲ್ ಕಾರು ಕೊಳ್ಳುವವರಿಗೆ ಒಂದು ಯೂರೊ ಸಹಾಯಧನವೂ ಇರಲಿಲ್ಲ. ವಿದ್ಯುತ್ ಕಾರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ 3,000 ಯೂರೊ ಮಾತ್ರ 6,000ಕ್ಕೆ ಏರಿತ್ತು.

ಜರ್ಮನಿ ಕಾರುಗಳ ದೇಶ. ಬವೇರಿಯಾ, ಲೋವರ್ ಸ್ಯಾಕ್ಸನಿ, ಬಾಡೆನ್-ವುರ್ಟೆಂಬರ್ಗ್ ರಾಜ್ಯಗಳ ಲಕ್ಷಾಂತರ ಮನೆಗಳಲ್ಲಿ ಒಲೆ ಉರಿಯುವುದೇ ಕಾರು ಕಾರ್ಖಾನೆಗಳ ಸಂಬಳದಿಂದ. ಈ ಮೂರೂ ರಾಜ್ಯಗಳ ಮುಖ್ಯಸ್ಥರು ಪೆಟ್ರೋಲ್, ಡೀಸೆಲ್ ಕಾರುಗಳಿಗೂ ನೆರವು ಬೇಕೆಂದು ಪಟ್ಟು ಹಿಡಿದಿದ್ದರು. ಅವರಲ್ಲಿ ಒಬ್ಬರಾದ ವಿನ್‌ಫ್ರೀಡ್ ಕ್ರೆಚ್‌ಮನ್ ಗ್ರೀನ್ ಪಕ್ಷದವರು. ಪರಿಸರದ ಹೆಸರಿನಲ್ಲೇ ಅಧಿಕಾರಕ್ಕೆ ಬಂದವರೂ ತಮ್ಮ ರಾಜ್ಯದ ಕಾರ್ಖಾನೆಗಳ ಮುಂದೆ ಬೇರೆ ಮಾತು ಆಡಬೇಕಾಯಿತು. ಅಷ್ಟು ಒತ್ತಡವಿದ್ದರೂ ಆ ಬೇಡಿಕೆ ಬಿದ್ದುಹೋಯಿತು.

ಅದು ಬಿದ್ದದ್ದರ ಹಿಂದೆ ಹನ್ನೊಂದು ವರ್ಷಗಳ ಹಿಂದಿನ ನೆನಪೂ ಇತ್ತು. 2009ರ ಆರ್ಥಿಕ ಹಿಂಜರಿತದಲ್ಲಿ ಇದೇ ದೇಶ, ಒಂಬತ್ತು ವರ್ಷ ಮೀರಿದ ಕಾರನ್ನು ಗುಜರಿಗೆ ಹಾಕಿ ಹೊಸದನ್ನು ಕೊಂಡವರಿಗೆ 2,500 ಯೂರೊ ಕೊಟ್ಟಿತ್ತು. 500 ಕೋಟಿ ಯೂರೊ ಖರ್ಚಾಯಿತು, ಹತ್ತಿರ ಹತ್ತಿರ 20 ಲಕ್ಷ ಹೊಸ ಕಾರು ರಸ್ತೆಗಿಳಿದವು. ಕಾರ್ಖಾನೆಗಳು ಉಸಿರಾಡಿದವು. ಆದರೆ ಮುಂದಿನ ಹತ್ತು ಹದಿನೈದು ವರ್ಷ ಹೊಗೆ ಉಗುಳುವ ವಾಹನಗಳಿಗೆ ಜನರ ತೆರಿಗೆ ಹಣ ಹೋಗಿತ್ತು. 2020ರಲ್ಲಿ ಎರಡನೆಯ ಸಲ ಆ ದಾರಿ ಬೇಡ ಎಂದದ್ದರ ಫಲ ಅದೇ ವರ್ಷ ಕಂಡಿತು. ಜರ್ಮನಿಯಲ್ಲಿ ನೋಂದಣಿಯಾದ ಪೂರ್ಣ ವಿದ್ಯುತ್ ಕಾರುಗಳು 1.94 ಲಕ್ಷ, ಹಿಂದಿನ ವರ್ಷದ ಮೂರು ಪಟ್ಟು.

ಜಗತ್ತು ಬಿಕ್ಕಟ್ಟಿನಿಂದ ಹಸಿರು ದಾರಿಯಲ್ಲಿ ಚೇತರಿಸಿಕೊಳ್ಳಬಹುದೆಂಬ ಆ ವರ್ಷದ ಆಸೆಯ ಕಥೆಯನ್ನು ಜರ್ಮನಿಯಿಂದ ಆರಂಭಿಸಿದ್ದು ಬೇಕೆಂದೇ. ನಮ್ಮಲ್ಲಿ ಆ ಆಸೆಯನ್ನು ನೆನೆಯುವವರು ನಿರ್ಮಲ ಆಕಾಶವನ್ನೇ ನೆನೆಯುತ್ತಾರೆ. ಏಪ್ರಿಲ್ ಮೊದಲ ವಾರ ಪಂಜಾಬಿನ ಜಲಂಧರದ ಮಾಳಿಗೆಗಳಿಂದ ಹಿಮಾಚಲದ ಧೌಲಾಧಾರ್ ಪರ್ವತ ಸಾಲು ಕಂಡಿತು. ನಡುವಯಸ್ಸಿನವರು ಕೂಡ ಅದನ್ನು ತಮ್ಮ ಊರಿನಿಂದ ನೋಡಿರಲಿಲ್ಲ. ಆ ಚಿತ್ರಗಳು ಕೈಯಿಂದ ಕೈಗೆ ಹೋದವು, ಪ್ರಕೃತಿ ಚೇತರಿಸಿಕೊಳ್ಳುತ್ತಿದೆ ಎಂದು ಜನ ನಂಬಿದರು. ಆ ನಂಬಿಕೆಯಲ್ಲಿ ಪ್ರೀತಿ ಇತ್ತು, ಲೆಕ್ಕ ಇರಲಿಲ್ಲ.

ಲೆಕ್ಕ ಬಂದದ್ದು ಮೇ ತಿಂಗಳಲ್ಲಿ. ಇಂಗ್ಲೆಂಡಿನ ಈಸ್ಟ್ ಆ್ಯಂಗ್ಲಿಯಾ ವಿಶ್ವವಿದ್ಯಾಲಯದ ಕೊರಿನ್ ಲ ಕೆರೆ ಮತ್ತು ಸಂಗಡಿಗರು ಜಗತ್ತಿನ ಇಂಗಾಲ ಹೊರಸೂಸುವಿಕೆಯನ್ನು ದಿನವಹಿ ಅಂದಾಜು ಮಾಡಿದ್ದರು. ಏಪ್ರಿಲ್ ಮೊದಲ ವಾರದಲ್ಲಿ, ಅಂದರೆ ಹೆಚ್ಚಿನ ದೇಶಗಳು ಬಾಗಿಲು ಹಾಕಿಕೊಂಡಿದ್ದಾಗ, ದಿನದ ಹೊರಸೂಸುವಿಕೆ 2019ರ ಸರಾಸರಿಗಿಂತ ಶೇ 17ರಷ್ಟು ತಗ್ಗಿತ್ತು. ವಿಮಾನ ನಿಂತು, ಬಸ್ಸು ನಿಂತು, ಕಚೇರಿ ಮುಚ್ಚಿ, ಕೋಟ್ಯಂತರ ಜನರ ದುಡಿಮೆ ಕಳೆದು ಸಿಕ್ಕಿದ್ದು ಅಷ್ಟೇ. ಉಳಿದ ಶೇ 83 ಹಾಗೆಯೇ ಉರಿಯುತ್ತಿತ್ತು. ಮನುಷ್ಯ ಮನೆಯಲ್ಲಿ ಕೂತರೂ ಅವನ ಫ್ಯಾನು, ಫ್ರಿಜ್ಜು, ಆಸ್ಪತ್ರೆ, ಸರ್ವರ್ ಎಲ್ಲಕ್ಕೂ ಕಲ್ಲಿದ್ದಲಿನ ವಿದ್ಯುತ್ ಬೇಕಿತ್ತು. ತಗ್ಗಿದ್ದು ಓಡಾಟ, ಬದಲಾಗದೆ ಉಳಿದದ್ದು ವ್ಯವಸ್ಥೆ. ಈ ಒಂದು ಅಂಕಿಯನ್ನು ಸರಿಯಾಗಿ ಓದಿಕೊಂಡವರಿಗೆ ಆಕಾಶದ ನೀಲಿ ತಾತ್ಕಾಲಿಕ ಎಂದು ಅಂದೇ ತಿಳಿಯಿತು.

ಹಳೆಯ ಲೆಕ್ಕವೊಂದು ಕೂಡ ಅವರ ಎದುರಿಗಿತ್ತು. 2008ರ ಬ್ಯಾಂಕುಗಳ ಕುಸಿತದ ಮರುವರ್ಷ ಜಗತ್ತಿನ ಇಂಗಾಲ ಶೇ 1.4ರಷ್ಟು ಇಳಿದಿತ್ತು, 2010ರಲ್ಲಿ ಶೇ 5.9ರಷ್ಟು ಏರಿತು. ಇಳಿದದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಏರಿಕೆ. ಆಗಲೂ 'ಹಸಿರು' ಪ್ಯಾಕೇಜುಗಳ ಮಾತು ಕೇಳಿಬಂದಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೇ ಜಾಗತಿಕ ಹಸಿರು ಹೊಸ ಒಪ್ಪಂದ ಎಂಬ ಯೋಜನೆಯನ್ನು ಮುಂದಿಟ್ಟಿತ್ತು.

ಹಾಗಾಗಿ 2020ರ ವಸಂತದಲ್ಲಿ ಮಾತನಾಡಿದವರ ದನಿಯಲ್ಲಿ ಅವಸರವಿತ್ತು. ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಬೆಲೆ ಬ್ಯಾರಲ್‌ಗೆ ಮೈನಸ್ 37 ಡಾಲರ್‌ಗೆ ಕುಸಿಯಿತು. ತೈಲ ಇಟ್ಟುಕೊಳ್ಳಲು ಜಾಗವಿಲ್ಲದೆ, ಒಯ್ಯುವವರಿಗೇ ದುಡ್ಡು ಕೊಡುವ ಸ್ಥಿತಿ. ಎರಡು ದಿನದ ಬಳಿಕ, ಭೂಮಿ ದಿನದಂದು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೊನಿಯೊ ಗುಟೆರೆಸ್ ಅವರು ಜನರ ತೆರಿಗೆಯಿಂದ ಉದ್ಯಮಗಳನ್ನು ಉಳಿಸುವುದಾದರೆ ಅದಕ್ಕೆ ಹಸಿರು ಉದ್ಯೋಗದ ಷರತ್ತು ಇರಲಿ ಎಂದರು. ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನ ಕ್ಯಾಮರಾನ್ ಹೆಪ್‌ಬರ್ನ್ ಜೊತೆ ನಿಕೊಲಸ್ ಸ್ಟರ್ನ್, ಜೋಸೆಫ್ ಸ್ಟಿಗ್ಲಿಟ್ಜ್ ಮೊದಲಾದ ಅರ್ಥಶಾಸ್ತ್ರಜ್ಞರು ಒಂದು ಸಮೀಕ್ಷೆ ಪ್ರಕಟಿಸಿದರು. ಜಿ20 ದೇಶಗಳ ಹಣಕಾಸು ಇಲಾಖೆ, ಕೇಂದ್ರೀಯ ಬ್ಯಾಂಕುಗಳ ಅಧಿಕಾರಿಗಳೂ ಅರ್ಥಶಾಸ್ತ್ರಜ್ಞರೂ ಸೇರಿ 231 ಮಂದಿಯನ್ನು ಅವರು ಕೇಳಿದ್ದರು. ಯಾವ ಖರ್ಚಿನಿಂದ ಉದ್ಯೋಗವೂ ಹುಟ್ಟುತ್ತದೆ, ಹವಾಮಾನಕ್ಕೂ ಒಳಿತಾಗುತ್ತದೆ? ಶುದ್ಧ ಇಂಧನದ ಮೂಲಸೌಕರ್ಯ, ಹಳೆಯ ಕಟ್ಟಡಗಳ ದುರಸ್ತಿ, ತರಬೇತಿ, ನೆಲ-ಜಲ-ಕಾಡಿನ ಪುನಶ್ಚೇತನ ಎಂಬ ಉತ್ತರ ಬಂತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಗ್ರಾಮೀಣ ನೆರವು ಬಹಳ ಮುಖ್ಯ ಎಂಬ ಮಾತೂ ಅದರಲ್ಲಿತ್ತು. ಪತ್ರಿಕೆಗಳು ಈ ಕೊನೆಯ ಅಂಶವನ್ನು ಅಷ್ಟಾಗಿ ಗಮನಿಸಲಿಲ್ಲ. ನಮ್ಮ ದೇಶಕ್ಕೆ ಬೇಕಿದ್ದದ್ದು ಅದೇ.

ಪ್ಯಾರಿಸ್‌ನಲ್ಲಿರುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೂ ದನಿಗೂಡಿಸಿತು. 1974ರಲ್ಲಿ, ತೈಲ ಬಿಕ್ಕಟ್ಟಿನ ನಂತರ, ಶ್ರೀಮಂತ ದೇಶಗಳ ತೈಲ ಪೂರೈಕೆ ಕಾಯಲೆಂದೇ ಹುಟ್ಟಿದ ಸಂಸ್ಥೆ ಅದು. ಅದರ ಮುಖ್ಯಸ್ಥ ಫತಿಹ್ ಬಿರೊಲ್ 2020ರ ಜೂನ್ 18ರಂದು ಮೂರು ವರ್ಷದ ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ವರ್ಷಕ್ಕೆ ಒಂದು ಲಕ್ಷ ಕೋಟಿ ಡಾಲರ್ ಹೂಡಿದರೆ ವರ್ಷಕ್ಕೆ 90 ಲಕ್ಷ ಉದ್ಯೋಗ ಉಳಿಯುತ್ತವೆ ಅಥವಾ ಹುಟ್ಟುತ್ತವೆ, ಇಂಗಾಲದ ಹೊರಸೂಸುವಿಕೆ ಮತ್ತೆ ಹಿಂದಿನ ಎತ್ತರಕ್ಕೆ ಏರುವುದಿಲ್ಲ ಎಂಬುದು ಅದರ ತಿರುಳು.

ಅದೇ ಜೂನ್ 18ರಂದು ದೆಹಲಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ವಾಣಿಜ್ಯ ಗಣಿಗಾರಿಕೆಗೆ 41 ಕಲ್ಲಿದ್ದಲು ಬ್ಲಾಕ್‌ಗಳ ಹರಾಜಿಗೆ ಚಾಲನೆ ಕೊಟ್ಟರು.

ಭಾರತದ ಕಥೆಗೆ ಬರುವ ಮೊದಲು ಯುರೋಪಿನದನ್ನು ಮುಗಿಸಬೇಕು. ಅಲ್ಲಿ ಜುಲೈ 17ರಂದು ಬ್ರಸೆಲ್ಸ್‌ನಲ್ಲಿ ಆರಂಭವಾದ ಯುರೋಪಿಯನ್ ಒಕ್ಕೂಟದ 27 ದೇಶಗಳ ಸಭೆ 21ರ ಬೆಳಗಿನ ಜಾವ ಮುಗಿಯಿತು. 75 ಸಾವಿರ ಕೋಟಿ ಯೂರೊಗಳ ಪುನಶ್ಚೇತನ ನಿಧಿಗಾಗಿ ಅವು ಒಟ್ಟಾಗಿ ಸಾಲ ಎತ್ತಲು ಒಪ್ಪಿದವು. ಒಕ್ಕೂಟ ಅಷ್ಟು ದೊಡ್ಡ ಜಂಟಿ ಸಾಲವನ್ನು ಹಿಂದೆಂದೂ ಎತ್ತಿರಲಿಲ್ಲ. ನಿಧಿಯ ಮುಖ್ಯ ಭಾಗದಲ್ಲಿ ಪ್ರತಿ ದೇಶವೂ ಕನಿಷ್ಠ ಶೇ 37ರಷ್ಟನ್ನು ಹವಾಮಾನಕ್ಕೆ ಪೂರಕವಾದ ಕೆಲಸಕ್ಕೆ ಬಳಸಬೇಕು, ಉಳಿದ ಖರ್ಚೂ ಪರಿಸರಕ್ಕೆ ಗಣನೀಯ ಹಾನಿ ಮಾಡಬಾರದು ಎಂಬ ನಿಯಮ ನಂತರ ಬಂತು. ಇದನ್ನು ಓದಿದವರಿಗೆ ಯುರೋಪ್ ಬಿಕ್ಕಟ್ಟಿನಲ್ಲಿ ಜ್ಞಾನೋದಯ ಪಡೆಯಿತು ಎನಿಸಬಹುದು. ಹಾಗಲ್ಲ. ಯುರೋಪಿಯನ್ ಆಯೋಗ ತನ್ನ ಹಸಿರು ಒಪ್ಪಂದವನ್ನು ಪ್ರಕಟಿಸಿದ್ದು 2019ರ ಡಿಸೆಂಬರ್ 11ರಂದು, ವುಹಾನ್‌ನ ಜ್ವರದ ಸುದ್ದಿ ಜಗತ್ತಿಗೆ ತಿಳಿಯುವ ಮುನ್ನ. ಗುರಿ, ವರ್ಗೀಕರಣ, ನಿಯಮಗಳ ಚೌಕಟ್ಟು ಮೇಜಿನ ಮೇಲಿತ್ತು. ದುಡ್ಡು ಬಂದಾಗ ಅದನ್ನು ಆ ಚೌಕಟ್ಟಿನೊಳಗೆ ಹರಿಸಿದರು. ಪ್ಯಾರಿಸ್ ನಗರದ ಸೈಕಲ್ ಪಥಗಳ ಕಥೆಯೂ ಅಂಥದೇ. ಮೇಯರ್ ಆ್ಯನ್ ಇಡಾಲ್ಗೊ 2020ರ ಮೇ ತಿಂಗಳಲ್ಲಿ ರೂ ದ ರಿವೋಲಿ ರಸ್ತೆಯನ್ನು ಕಾರುಗಳಿಂದ ಬಿಡಿಸಿ ಸೈಕಲ್ಲಿಗೆ ಕೊಟ್ಟರು, ಅದು ಸೈಕಲ್ಲಿಗೇ ಉಳಿಯಿತು. ಏಕೆಂದರೆ ಸೈಕಲ್ ಯೋಜನೆಯನ್ನು ಆ ನಗರ 2015ರಲ್ಲೇ ಒಪ್ಪಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ 2020ರ ಅಕ್ಟೋಬರ್‌ ಹೊತ್ತಿಗೆ ಸೈಕಲ್ ಪಥ ಬಂತು. ಆದರೆ ಕಂಬ ನೆಟ್ಟು ಬೇರ್ಪಡಿಸಿದ ಆ ಪಥದಲ್ಲಿ ಕೆಲವೇ ದಿನಗಳಲ್ಲಿ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು.

ದಕ್ಷಿಣ ಕೊರಿಯಾ ಜುಲೈನಲ್ಲಿ ಹಸಿರು ಹೊಸ ಒಪ್ಪಂದ ಪ್ರಕಟಿಸಿತು. ನ್ಯೂಜಿಲೆಂಡ್ ಕಳೆ ಕೀಳಲು, ನದಿದಂಡೆಗೆ ಗಿಡ ನೆಡಲು ಜನರನ್ನು ನೇಮಿಸಿಕೊಂಡಿತು. ಪಾಕಿಸ್ತಾನದ ಉದಾಹರಣೆ ಇವೆರಡಕ್ಕಿಂತ ನಮಗೆ ಹತ್ತಿರದ್ದು. ಲಾಕ್‌ಡೌನ್‌ನಲ್ಲಿ ಕೂಲಿ ಕಳೆದುಕೊಂಡ 60 ಸಾವಿರಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಸರ್ಕಾರ ಏಪ್ರಿಲ್‌ನಲ್ಲೇ ಸಸಿ ಬೆಳೆಸುವ, ನೆಡುವ ಕೆಲಸಕ್ಕೆ ಹಚ್ಚಿತು. ಅಲ್ಲಿಯೂ ಸಾವಿರ ಕೋಟಿ ಗಿಡಗಳ ಯೋಜನೆ 2018ರಿಂದಲೇ ನಡೆಯುತ್ತಿತ್ತು. ನರ್ಸರಿ ಇತ್ತು, ಸಸಿ ಇತ್ತು. ಬೇಕಾಗಿದ್ದ ಕೈಗಳು ಬಂದವು.

ಈಗ ನಮ್ಮ ನೆಲಕ್ಕೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದ ಮೇಲೆ ನಗರಗಳಿಂದ ಊರಿಗೆ ನಡೆದವರ ಸಾಲನ್ನು ಇಲ್ಲಿ ಮತ್ತೆ ಬಣ್ಣಿಸಬೇಕಿಲ್ಲ, ಅದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಕರ್ನಾಟಕದ ಒಂದು ಘಟನೆ ಚೇತರಿಕೆಯ ಚರ್ಚೆಗೆ ನೇರವಾಗಿ ಸೇರಿದ್ದು. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದರು. ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕಟ್ಟಡದ ಕೆಲಸ ಮತ್ತೆ ಶುರುವಾಗಬೇಕು, ಕೆಲಸಗಾರರು ಹೊರಟುಹೋದರೆ ಹೇಗೆ ಎಂಬ ಚಿಂತೆ ಅದರ ಹಿಂದಿತ್ತು. ದೇಶದ ಉದ್ದಗಲಕ್ಕೂ ಟೀಕೆ ಬಂದು, ಒಂದೆರಡು ದಿನಗಳಲ್ಲೇ ನಿರ್ಧಾರ ಹಿಂದೆ ಸರಿಯಿತು. ಚೇತರಿಕೆ ಎಂದರೆ ನಿಂತದ್ದನ್ನು ನಿಂತ ಜಾಗದಿಂದಲೇ ಮತ್ತೆ ಓಡಿಸುವುದು ಎಂಬ ಭಾವನೆ ಎಷ್ಟು ಆಳವಾಗಿತ್ತು ಎನ್ನುವುದಕ್ಕೆ ಆ ಪತ್ರವೇ ಸಾಕ್ಷಿ.

ಊರಿಗೆ ಬಂದವರನ್ನು ಹಿಡಿದು ನಿಲ್ಲಿಸಿದ್ದು ಹದಿನೈದು ವರ್ಷ ಹಳೆಯ ಉದ್ಯೋಗ ಖಾತರಿ ಕಾನೂನು. ಮೇ 12ರಂದು ಪ್ರಧಾನಿ 20 ಲಕ್ಷ ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. 17ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಉದ್ಯೋಗ ಖಾತರಿಗೆ ಬಜೆಟ್ಟಿನ 61,500 ಕೋಟಿಯ ಮೇಲೆ 40,000 ಕೋಟಿ ಹೆಚ್ಚುವರಿ ಕೊಟ್ಟರು. ಬೆಂಗಳೂರು, ಮುಂಬೈ, ಪುಣೆ, ಗೋವಾಗಳಿಂದ ಯಾದಗಿರಿ, ಕಲಬುರಗಿ, ರಾಯಚೂರಿನ ಹಳ್ಳಿಗಳಿಗೆ ಮರಳಿದವರು ಪಂಚಾಯಿತಿ ಮುಂದೆ ಜಾಬ್ ಕಾರ್ಡ್ ಕೇಳಿದರು. ಗಾರೆ ಕೆಲಸದವರು, ಹೋಟೆಲ್ ಮಾಣಿಗಳು, ಪದವೀಧರರು ಕೂಡ ಬಿಸಿಲಿನಲ್ಲಿ ಗುದ್ದಲಿ ಹಿಡಿದರು. ಕರ್ನಾಟಕದಲ್ಲಿ ಆಗ ಕೂಲಿ ದಿನಕ್ಕೆ 275 ರೂಪಾಯಿ ಇತ್ತು. ಹೊಲದ ಬದು ಹಾಕಿದರು, ಕೃಷಿ ಹೊಂಡ ತೋಡಿದರು, ಕೆರೆಯ ಹೂಳೆತ್ತಿದರು, ಇಂಗುಗುಂಡಿ ತೆಗೆದರು, ಗೋಕಟ್ಟೆ ಕಟ್ಟಿದರು. ಆ ಹಣಕಾಸು ವರ್ಷದಲ್ಲಿ ದೇಶದಾದ್ಯಂತ 7.55 ಕೋಟಿ ಕುಟುಂಬಗಳು ಈ ಕೆಲಸ ಮಾಡಿದವು. ಸೃಷ್ಟಿಯಾದ ಮಾನವ ದಿನಗಳು 389 ಕೋಟಿ. ಹಿಂದಿನ ವರ್ಷ ಅದು 265 ಕೋಟಿ ಇತ್ತು.

ನನ್ನ ದೃಷ್ಟಿಯಲ್ಲಿ 2020ರ ಜಗತ್ತಿನ ಅತಿ ದೊಡ್ಡ ಹಸಿರು ಚೇತರಿಕೆ ಕಾರ್ಯಕ್ರಮಗಳಲ್ಲಿ ಇದೂ ಒಂದು. ಆದರೆ ಅದನ್ನು ಯಾರೂ ಹಾಗೆ ಕರೆಯಲಿಲ್ಲ, ಬಹುಶಃ ಅದರಲ್ಲಿ ಗಾಳಿಯಂತ್ರವೂ ಇಲ್ಲ, ಬ್ಯಾಟರಿಯೂ ಇಲ್ಲ ಎಂಬ ಕಾರಣಕ್ಕೆ. ಜಿಲ್ಲೆಯಲ್ಲಿ ಈ ಯೋಜನೆಯ ಖರ್ಚಿನ ಕನಿಷ್ಠ ಶೇ 60 ಭಾಗ ನೆಲ, ನೀರು, ಮರಗಳ ಮೂಲಕ ಕೃಷಿಗೆ ಒದಗುವ ಕೆಲಸಗಳಿಗೇ ಹೋಗಬೇಕೆಂದು ನಿಯಮದಲ್ಲೇ ಬರೆದಿತ್ತು. ಅದರ ಫಲವೇನು ಎಂದು ಅಳೆದವರೂ ನಮ್ಮವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಅವರ ತಂಡ ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ 2011ರಲ್ಲಿ ಪ್ರಕಟಿಸಿತು. ಖಾತರಿ ಕೆಲಸಗಳಿಂದ ಅಂತರ್ಜಲ, ಮಣ್ಣಿನ ಸತ್ವ ಸುಧಾರಿಸಿವೆ, ಮಳೆ ಕೈಕೊಟ್ಟಾಗ ಬೇಸಾಯಗಾರ ತತ್ತರಿಸುವುದು ತಗ್ಗಿದೆ ಎಂದು ಆ ತಂಡ ಕಂಡುಕೊಂಡಿತ್ತು. ಬರಗಾಲದ ಜಿಲ್ಲೆಯೊಂದರಲ್ಲಿ ಕಂಡ ಸತ್ಯ ಇದು. ಅಮೆರಿಕದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಮಹಾಕುಸಿತದ ಕಾಲದಲ್ಲಿ, 1933ರಿಂದ, ಮೂವತ್ತು ಲಕ್ಷದಷ್ಟು ನಿರುದ್ಯೋಗಿ ತರುಣರಿಂದ ಕಾಡು ಬೆಳೆಸಿದ್ದನ್ನು ಪರಿಸರ ಇತಿಹಾಸಕಾರರು ಇಂದಿಗೂ ಹೊಗಳುತ್ತಾರೆ. ನಮ್ಮ ಹಳ್ಳಿಯ ಹೆಂಗಸರು ಎತ್ತಿದ ಹೂಳಿಗೆ ಅಂಥ ಇತಿಹಾಸಕಾರರು ಇನ್ನೂ ಸಿಕ್ಕಿಲ್ಲ.

ಕೊರತೆಗಳೂ ಕಡಿಮೆಯಿರಲಿಲ್ಲ. ಹೆಚ್ಚುವರಿ ಹಣ ಬಂದರೂ ಕೂಲಿ ತಡವಾಗುತ್ತಿತ್ತು, ಕೇಳಿದವರಿಗೆಲ್ಲ ಕಾನೂನು ಹೇಳಿದ ನೂರು ದಿನದ ಕೆಲಸ ಸಿಗಲಿಲ್ಲ. 2020-21ರಲ್ಲಿ ಪರಿಷ್ಕೃತ ಅಂದಾಜು 1,11,500 ಕೋಟಿ ಮುಟ್ಟಿದ್ದ ಯೋಜನೆಗೆ ಮರುವರ್ಷದ ಬಜೆಟ್ ಇಟ್ಟದ್ದು 73,000 ಕೋಟಿ. ರೋಗ ಇನ್ನೂ ಹೋಗಿರಲಿಲ್ಲ. ಸರ್ಕಾರಕ್ಕೆ ಇದು ಆಪತ್ತಿನ ಔಷಧವಾಗಿತ್ತೇ ಹೊರತು ಮುಂದಿನ ಆರ್ಥಿಕತೆಯ ಅಡಿಪಾಯವಾಗಿರಲಿಲ್ಲ.

ಅಡಿಪಾಯದ ಜಾಗದಲ್ಲಿ ಏನಿತ್ತು ಎಂಬುದು ಅದೇ ಮೇ ತಿಂಗಳ ಘೋಷಣೆಗಳಲ್ಲಿ ಕಾಣುತ್ತದೆ. ಕಲ್ಲಿದ್ದಲು ಸಾಗಿಸುವ ಮೂಲಸೌಕರ್ಯಕ್ಕೆ 50,000 ಕೋಟಿ ಎಂದು 16ರಂದು ಪ್ರಕಟವಾಯಿತು. ಜೂನ್‌ನಲ್ಲಿ ಹರಾಜಿಗಿಟ್ಟ 41 ಬ್ಲಾಕ್‌ಗಳಲ್ಲಿ ಛತ್ತೀಸಗಡದ ಹಸದೇವ್ ಅರಣ್ಯದ ಬ್ಲಾಕ್‌ಗಳೂ ಇದ್ದವು. ಅಲ್ಲಿನ ಒಂಬತ್ತು ಗ್ರಾಮಗಳ ಸರಪಂಚರು ಪ್ರಧಾನಿಗೆ ಪತ್ರ ಬರೆದರು, ಜಾರ್ಖಂಡ್ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಹಸದೇವ್‌ನ ಕೆಲವು ಬ್ಲಾಕ್‌ಗಳನ್ನು ಪಟ್ಟಿಯಿಂದ ತೆಗೆದರು. ನವೆಂಬರಿನಲ್ಲಿ ಹರಾಜು ಮುಗಿದಾಗ 19 ಬ್ಲಾಕ್‌ಗಳು ಮಾರಾಟವಾಗಿದ್ದವು.

ಇನ್ನೊಂದು ಕಡತ ಇನ್ನೂ ಬೇಗ ಹೊರಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದದ್ದು ಮಾರ್ಚ್ 11ರಂದು. ಕೇಂದ್ರ ಪರಿಸರ ಸಚಿವಾಲಯದ ಹೊಸ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿನ ಮೇಲಿದ್ದ ತಾರೀಕು ಮಾರ್ಚ್ 12. ಅನುಮತಿ ಇಲ್ಲದೆ ಶುರುಮಾಡಿದ ಯೋಜನೆಗೆ ಆಮೇಲೆ ಅನುಮತಿ ಕೊಡುವ ದಾರಿಯನ್ನು ಅದು ತೆರೆಯುತ್ತಿತ್ತು. ಸಾರ್ವಜನಿಕ ಅಹವಾಲಿಗೆ ಜನರಿಗೆ ಕೊಡುವ ಸಮಯವನ್ನು 30 ದಿನದಿಂದ 20ಕ್ಕೆ ಇಳಿಸುತ್ತಿತ್ತು. ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ವಿಷಾನಿಲ ಸೋರಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಾರ್ಖಾನೆ ವರ್ಷಗಟ್ಟಲೆ ಕೇಂದ್ರದ ಪರಿಸರ ಅನುಮತಿ ಇಲ್ಲದೆ ನಡೆದಿತ್ತು. ಅನುಮತಿ ಎಂಬುದು ಬರೀ ಕಾಗದವಲ್ಲ ಎಂದು ತಿಳಿಯಲು ಇನ್ನೇನು ಬೇಕಿತ್ತು?

ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಊರೂರು ಬೀಗ ಹಾಕಿಕೊಂಡ ದಿನಗಳಲ್ಲಿ, ತನಗೆ ಓದಲು ಬಾರದ ಭಾಷೆಯ ಕರಡಿಗೆ ಹಳ್ಳಿಯವನು ಆಕ್ಷೇಪ ಸಲ್ಲಿಸಬೇಕಿತ್ತು. ಜೂನ್ 30ರಂದು ದೆಹಲಿ ಹೈಕೋರ್ಟ್ ಗಡುವನ್ನು ಆಗಸ್ಟ್ 11ರವರೆಗೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಿ ಎಂದಿತು. ಅದು ಆಗಲಿಲ್ಲ. ಬೆಂಗಳೂರಿನ ಯುನೈಟೆಡ್ ಕನ್ಸರ್ವೇಶನ್ ಮೂವ್‌ಮೆಂಟ್ ಎಂಬ ಟ್ರಸ್ಟ್ ಕರ್ನಾಟಕ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರ ಪೀಠ ಆಗಸ್ಟ್ 5ರಂದು, ಸೆಪ್ಟೆಂಬರ್ 7ರವರೆಗೆ ಅಂತಿಮ ಅಧಿಸೂಚನೆ ಹೊರಡಿಸಬಾರದು ಎಂದು ತಡೆ ಕೊಟ್ಟಿತು. ಕನ್ನಡದಲ್ಲಿ ಪ್ರಚಾರವಾಗದ ಕರಡಿನ ಬಗ್ಗೆ ಕನ್ನಡಿಗರ ಅಭಿಪ್ರಾಯ ಕೇಳಿದ್ದೇವೆ ಎನ್ನಲು ಬರುವುದಿಲ್ಲ ಎಂಬ ಸರಳ ನ್ಯಾಯ ಅದರ ಹಿಂದಿತ್ತು. ದೇಶದ ಎಲ್ಲ ಕಡೆಗಳಿಂದ ಲಕ್ಷಗಟ್ಟಲೆ ಆಕ್ಷೇಪಗಳು ಹೋದವು. ಆ ಕರಡು ಆ ರೂಪದಲ್ಲಿ ಅಂತಿಮ ಅಧಿಸೂಚನೆಯಾಗಿ ಬರಲೇ ಇಲ್ಲ. ಆಸೆಯ ಆ ವರ್ಷದಲ್ಲಿ ಜನ ಗೆದ್ದ ಕೆಲವೇ ಗೆಲುವುಗಳಲ್ಲಿ ಇದೊಂದು. ಅದರಲ್ಲಿ ಕರ್ನಾಟಕದ ಪಾಲು ಇತ್ತೆನ್ನುವುದು ನಮಗೆ ಹೆಮ್ಮೆಯ ವಿಷಯ.

ಪಶ್ಚಿಮ ಘಟ್ಟದಲ್ಲೂ ಹಳೆಯ ಕಡತಗಳು ಓಡಿದವು. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ 1990ರ ದಶಕದ ಕನಸು. ಬಳ್ಳಾರಿಯ ಅದಿರನ್ನು ಕಡಲಿಗೆ ಮುಟ್ಟಿಸುವುದು ಅದರ ಮೂಲ ಉದ್ದೇಶ. 164 ಕಿಲೊಮೀಟರ್ ಮಾರ್ಗಕ್ಕೆ ಸುಮಾರು 596 ಹೆಕ್ಟೇರ್ ಕಾಡು, ಎರಡು ಲಕ್ಷಕ್ಕೂ ಹೆಚ್ಚು ಮರ ಬೇಕಿತ್ತು. ವರ್ಷಗಳಿಂದ ವಿರೋಧದಲ್ಲಿ ಸಿಕ್ಕಿಕೊಂಡಿದ್ದ ಈ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟದ್ದು 2020ರ ಮಾರ್ಚ್ 20ರಂದು. ಜನತಾ ಕರ್ಫ್ಯೂಗೆ ಎರಡು ದಿನ ಇತ್ತು, ಜನರ ಗಮನವೆಲ್ಲ ರೋಗದ ಮೇಲಿತ್ತು. ಜೂನ್‌ನಲ್ಲಿ ಹೈಕೋರ್ಟ್ ಈ ನಿರ್ಧಾರಕ್ಕೂ ತಡೆ ಕೊಟ್ಟಿತು. ಆ ಮಾರ್ಗದ ವಾದ ಅಲ್ಲಿಗೆ ಮುಗಿಯಲಿಲ್ಲ.

ಗಡಿಯಾಚೆ ಗೋವಾದ ಮೊಲ್ಲೆಂ ಅಭಯಾರಣ್ಯದಲ್ಲಿ ಮೂರು ಯೋಜನೆಗಳು ಒಟ್ಟಿಗೆ ಬಂದಿದ್ದವು. ರೈಲು ಹಳಿ ಜೋಡಿ ಮಾಡುವುದು, ಹೆದ್ದಾರಿ ಅಗಲ ಮಾಡುವುದು, ಹೈಟೆನ್ಷನ್ ವಿದ್ಯುತ್ ತಂತಿ ಎಳೆಯುವುದು. 2019ರ ಡಿಸೆಂಬರ್‌ನಿಂದ 2020ರ ಏಪ್ರಿಲ್‌ವರೆಗಿನ ಸಭೆಗಳಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಏಪ್ರಿಲ್‌ನ ಸಭೆ ನಡೆದದ್ದು ವಿಡಿಯೊದಲ್ಲಿ. ಪರದೆಯ ಮೇಲೆ ನಕ್ಷೆ ನೋಡಿ ಕಾಡಿನ ಹಣೆಬರಹ ಬರೆಯುವುದು ಎಂಥ ಅಪಾಯ ಎಂದು ವಿಜ್ಞಾನಿಗಳು ಅಂದೇ ಎಚ್ಚರಿಸಿದ್ದರು. ಆ ಜೋಡಿ ಹಳಿ ನಮಗೂ ಸಂಬಂಧಪಟ್ಟದ್ದು. ಮುರ್ಮಗೋವಾ ಬಂದರಿನ ಆಮದು ಕಲ್ಲಿದ್ದಲು ಕ್ಯಾಸಲ್‌ರಾಕ್ ಘಟ್ಟ ಹತ್ತಿ ನಮ್ಮ ಉಕ್ಕಿನ ಕಾರ್ಖಾನೆಗಳಿಗೆ ಬರುವುದು ಅದೇ ದಾರಿಯಲ್ಲಿ. ಗೋವಾದ ವಿದ್ಯಾರ್ಥಿಗಳು, ಸಸ್ಯಶಾಸ್ತ್ರಜ್ಞರು, ಕಲಾವಿದರು, ಮೀನುಗಾರರು ಎದ್ದು ನಿಂತರು. ನವೆಂಬರ್ 1ರ ರಾತ್ರಿ ಚಾಂದೋರ್ ಊರಿನ ರೈಲ್ವೆ ಗೇಟಿನ ಬಳಿ ಸಾವಿರಾರು ಜನ ಬೆಳಗಿನವರೆಗೆ ಕೂತರು. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್-ಕುಳೆ ನಡುವಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಒಪ್ಪಿಗೆಯನ್ನು ರದ್ದು ಮಾಡಿತು.

ಅಷ್ಟು ಹೊತ್ತಿಗೆ ಜಗತ್ತಿನ ಲೆಕ್ಕ ಹೊರಬಿದ್ದಿತ್ತು. 2021ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್ ತಂಡ ಮತ್ತು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಸೇರಿ 50 ದೊಡ್ಡ ಆರ್ಥಿಕತೆಗಳ ಖರ್ಚನ್ನು ಜಾಲಾಡಿದವು. 2020ರಲ್ಲಿ ಅವು ಘೋಷಿಸಿದ ಮೊತ್ತ 14.6 ಲಕ್ಷ ಕೋಟಿ ಡಾಲರ್. ಹೆಚ್ಚಿನದು ತಕ್ಷಣದ ಪರಿಹಾರಕ್ಕೆ ಹೋಯಿತು, ಅದು ಹೋಗಲೇಬೇಕಿತ್ತು. ದೀರ್ಘಕಾಲದ ಚೇತರಿಕೆಗೆಂದು ಇಟ್ಟ 1.9 ಲಕ್ಷ ಕೋಟಿ ಡಾಲರಿನಲ್ಲಿ ಹಸಿರು ಎನ್ನಬಹುದಾದದ್ದು ಶೇ 18 ಮಾತ್ರ. ಅದರಲ್ಲೂ ದೊಡ್ಡ ಪಾಲು ಬೆರಳೆಣಿಕೆಯ ಶ್ರೀಮಂತ ದೇಶಗಳದ್ದು. ಅಗ್ಗದ ಸಾಲ ಸಿಕ್ಕುವ ದೇಶಕ್ಕೆ ಮಾತ್ರ ಹಸಿರು ಆಯ್ಕೆ ಇತ್ತು. ಸಾಲದ ಬಡ್ಡಿ ಕಟ್ಟಲೇ ಒದ್ದಾಡುತ್ತಿದ್ದ ದೇಶಗಳ ಮುಂದೆ ಆ ಪ್ರಶ್ನೆಯೇ ಬರಲಿಲ್ಲ. ಶ್ರೀಮಂತ ದೇಶಗಳ ಭಾಷಣಗಳಲ್ಲಿ ಈ ಅಸಮಾನತೆ ಎಂದೂ ಸರಿಯಾಗಿ ಬರಲಿಲ್ಲ ಎನ್ನುವುದು ನನಗೆ ಇಂದಿಗೂ ಸಿಟ್ಟು ತರಿಸುವ ಮಾತು.

2020ರ ಡಿಸೆಂಬರಿನಲ್ಲೇ ಜಗತ್ತಿನ ಇಂಗಾಲ ಹಿಂದಿನ ಡಿಸೆಂಬರಿಗಿಂತ ಶೇ 2ರಷ್ಟು ಹೆಚ್ಚಿತ್ತು. ಭಾರತ ಸೆಪ್ಟೆಂಬರಿನಿಂದಲೇ 2019ರ ಮಟ್ಟ ದಾಟಿತ್ತು. ನಂತರ ಎರಡನೆಯ ಅಲೆ ಬಂದು, ನಮ್ಮಲ್ಲಿ ಆಮ್ಲಜನಕದ ಸಿಲಿಂಡರ್ ಬಿಟ್ಟು ಬೇರೆ ಮಾತೇ ಇಲ್ಲದಂತಾಯಿತು. 2021ರ ಅಕ್ಟೋಬರಿನಲ್ಲಿ ದೇಶದ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನದ ಕಲ್ಲಿದ್ದಲು ಮಾತ್ರ ಉಳಿದಿತ್ತು. ಒಂದು ತಿಂಗಳ ಬಳಿಕ ಗ್ಲಾಸ್ಗೊ ಸಮ್ಮೇಳನದಲ್ಲಿ ಪ್ರಧಾನಿ 2070ರ ಹೊತ್ತಿಗೆ ನಿವ್ವಳ ಶೂನ್ಯದ ಗುರಿ ಪ್ರಕಟಿಸಿದರು. ಆ ವರ್ಷ ಮುಗಿದಾಗ ಜಗತ್ತಿನ ಇಂಧನ ವಲಯ ಉಗುಳಿದ ಇಂಗಾಲ 3,630 ಕೋಟಿ ಟನ್. ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ಹೆಚ್ಚು. ಏರಿಕೆಯ ಶೇ 40ಕ್ಕೂ ಹೆಚ್ಚಿನ ಪಾಲು ಕಲ್ಲಿದ್ದಲಿನದು.

ಹಾಗಾದರೆ ಆ ಆಸೆ ಪೂರ್ತಿ ಸುಳ್ಳಾಯಿತೇ? ಇಲ್ಲ. 2020ರಲ್ಲಿ ಜಗತ್ತಿನ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯಕ್ಕೆ 260 ಗಿಗಾವಾಟ್‌ಗೂ ಹೆಚ್ಚು ಸೇರಿತು. ಲಾಕ್‌ಡೌನ್‌ ನಡುವೆಯೂ ಅದು ಹಿಂದಿನ ವರ್ಷಕ್ಕಿಂತ ಅರ್ಧದಷ್ಟು ಹೆಚ್ಚು. ಒಟ್ಟು ಕಾರು ಮಾರಾಟ ಕುಸಿದಾಗಲೂ ವಿದ್ಯುತ್ ಕಾರುಗಳ ಮಾರಾಟ ಏರಿತು. ಇವೆಲ್ಲ ಬಿಕ್ಕಟ್ಟಿನಲ್ಲಿ ಹುಟ್ಟಿದ್ದಲ್ಲ. ವರ್ಷಗಳ ಹಿಂದೆ ಯಾರೋ ಬರೆದಿಟ್ಟ ನಿಯಮ, ಇಳಿಸಿಟ್ಟ ಬೆಲೆ, ಹೋರಾಡಿ ಪಡೆದ ಕಾನೂನು ಬಿಕ್ಕಟ್ಟಿನ ದಿನ ಕೈಗೆ ಸಿಕ್ಕಿದವು. ಯುರೋಪಿಗೆ 2019ರ ಒಪ್ಪಂದ ಸಿಕ್ಕಿತು, ಪ್ಯಾರಿಸ್‌ಗೆ 2015ರ ನಕ್ಷೆ ಸಿಕ್ಕಿತು, ನಮ್ಮ ಕೂಲಿಕಾರರಿಗೆ 2005ರ ಕಾನೂನು ಸಿಕ್ಕಿತು. ಅಂಥದ್ದು ಇಲ್ಲದ ಕಡೆ ಗಣಿ, ಹೆದ್ದಾರಿ, ಹಳಿಗಳ ಕಡತಗಳೇ ಮೊದಲು ಮೇಜಿಗೆ ಬಂದವು, ಏಕೆಂದರೆ ಅವು ಮಾತ್ರ ಸಿದ್ಧವಾಗಿದ್ದವು.

ಮುಂದಿನ ಬಿಕ್ಕಟ್ಟು ರೋಗದ್ದೋ, ಬರದ್ದೋ, ನೆರೆಯದ್ದೋ ಯಾರಿಗೂ ಗೊತ್ತಿಲ್ಲ. ಅಂದು ಬರುವ ಹಣ ಕೂಡ ಸಿದ್ಧವಿರುವ ಪಟ್ಟಿಯ ಕಡೆಗೇ ಹರಿಯುತ್ತದೆ. ನಿಮ್ಮ ಗ್ರಾಮ ಪಂಚಾಯಿತಿಯ, ನಗರದಲ್ಲಿದ್ದರೆ ನಿಮ್ಮ ವಾರ್ಡಿನ ಕ್ರಿಯಾಯೋಜನೆಯನ್ನು ಒಮ್ಮೆ ತರಿಸಿಕೊಂಡು ಓದಿ. ಊರಿನ ಕೆರೆ, ಅದಕ್ಕೆ ನೀರು ತರುವ ಕಾಲುವೆ, ಗೋಮಾಳ, ಬೋಳುಗುಡ್ಡ ಅದರಲ್ಲಿ ಇವೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಕೇಳಿ ಬರೆಸಿ.